ಸುಝಾನ್ ನೊಯೆಲ್

ಸುಝಾನ್ ನೊಯೆಲ್ (ಜನವರಿ 19, 1878 – ನವೆಂಬರ್ 11, 1954) ಫ್ರಾನ್ಸ್ ದೇಶದ ಶಸ್ತ್ರವೈದ್ಯೆ. ಸೌಂದರ್ಯ ಶಸ್ತ್ರಚಿಕಿತ್ಸೆಯನ್ನು ವೃತ್ತಿಯಾಗಿ ಕೈಗೊಂಡ ಮೊದಲ ಮಹಿಳೆಯರಲ್ಲಿ ಒಬ್ಬರು. ಮುಖದ ಸುಕ್ಕುಗಳ ನಿವಾರಣೆಯಿಂದ ತೊಡಗಿ ಸ್ತನ, ಹೊಟ್ಟೆ, ತೊಡೆಗಳ ಜೋತುಬಿದ್ದ ಚರ್ಮ ಹಾಗೂ ಕೊಬ್ಬನ್ನು ಸರಿಪಡಿಸುವವರೆಗೆ ಅವರ ಕಾರ್ಯಕ್ಷೇತ್ರ ವಿಸ್ತರಿಸಿತ್ತು. ಚಿಕಿತ್ಸೆಯ ನಂತರ ರೋಗಿಯ ಬದುಕು ಏನಾಯಿತು ಎಂಬ ಪ್ರಶ್ನೆಯನ್ನು ಅವರು ತಮ್ಮ ಬರಹಗಳ ಕೇಂದ್ರದಲ್ಲಿಟ್ಟರು.

ಜೀವನ

ಉತ್ತರ ಫ್ರಾನ್ಸಿನ ಲಾಂ ಪಟ್ಟಣದಲ್ಲಿ ಜನಿಸಿದ ಸುಝಾನ್, ಚರ್ಮವೈದ್ಯ ಆನ್ರಿ ಪೆರ್ತಾ ಅವರನ್ನು ವಿವಾಹವಾದ ಬಳಿಕವೇ ವೈದ್ಯಕೀಯ ವ್ಯಾಸಂಗ ಆರಂಭಿಸಿದರು. 1912ರಲ್ಲಿ ಅಮೆರಿಕದಿಂದ ಮುಖದ ಚಿಕಿತ್ಸೆ ಮಾಡಿಸಿಕೊಂಡು ಮರಳಿದ ನಟಿ ಸಾರಾ ಬರ್ನಾರ್ ಅವರನ್ನು ಕಂಡು ಈ ವಿಷಯದಲ್ಲಿ ಆಸಕ್ತಿ ಮೂಡಿತೆಂದು ಹೇಳಲಾಗುತ್ತದೆ. ಮೊದಲನೆಯ ಮಹಾಯುದ್ಧದಲ್ಲಿ ಇಪ್ಪೊಲೀತ್ ಮೊರೆಸ್ತಾಂ ಅವರ ಬಳಿ, ಮುಖ ಛಿದ್ರಗೊಂಡ ಸೈನಿಕರ ಮೇಲೆ ಕೈ ಪಳಗಿಸಿಕೊಂಡರು.

ಮನೆಯಲ್ಲಿ ದುಃಖದ ಮೇಲೆ ದುಃಖ ಎರಗಿತು. 1918ರಲ್ಲಿ ಪತಿ ತೀರಿಕೊಂಡರು. 1922ರಲ್ಲಿ ಮಗಳು ಝಾಕ್ಲೀನ್ ಅಗಲಿದಳು. ಎರಡನೆಯ ಪತಿ ಆಂದ್ರೆ ನೊಯೆಲ್ 1924ರಲ್ಲಿ ಸೇನ್ ನದಿಗೆ ಹಾರಿ ಪ್ರಾಣಬಿಟ್ಟರು. ಮರುವರ್ಷವೇ ಸುಝಾನ್ ಪದವಿಯ ಪ್ರೌಢಪ್ರಬಂಧವನ್ನು ಒಪ್ಪಿಸಿದರು. ಆಗ ಅವರಿಗೆ 47 ವರ್ಷ.

ಚಿಕಿತ್ಸಾ ವಿಧಾನ

ಕೂದಲಿನ ಅಂಚಿನಲ್ಲಿ ಚರ್ಮದ ಸಣ್ಣ ತುಣುಕುಗಳನ್ನು ಕತ್ತರಿಸಿ ಹೊಲಿಯುವುದು ಅವರ ಕ್ರಮ. ಕೇವಲ ಆ ಭಾಗವನ್ನು ಮರಗಟ್ಟಿಸುತ್ತಿದ್ದುದರಿಂದ ರೋಗಿ ಅದೇ ದಿನ ಮನೆಗೆ ನಡೆದುಹೋಗಬಹುದಿತ್ತು. ಒಂದೇ ಸಲಕ್ಕೆ ಎಲ್ಲವನ್ನೂ ಮಾಡುವ ಬದಲು ಹಲವು ಬಾರಿ ಸ್ವಲ್ಪಸ್ವಲ್ಪವಾಗಿ ಮಾಡುವುದನ್ನು ಅವರು ಮೆಚ್ಚಿದರು. ಚಿಕಿತ್ಸೆಗೆ ಮುನ್ನ ಮತ್ತು ನಂತರ ಛಾಯಾಚಿತ್ರ ತೆಗೆದಿಡುತ್ತಿದ್ದರು. ವಯಸ್ಸು ಕಾಣಿಸಿತೆಂಬ ಕಾರಣಕ್ಕೆ ಕೆಲಸ ಕಳೆದುಕೊಂಡ ಹೆಂಗಸರು ಅವರ ಬಳಿ ಬರುತ್ತಿದ್ದರು. ಬಡವರಿಂದ ಹಣ ಪಡೆಯುತ್ತಿರಲಿಲ್ಲ. ಇಂಥವರಿಗೆ ಮತ್ತೆ ಕೆಲಸ ಸಿಕ್ಕಿತೇ ಎಂಬುದು ಗಾಯ ಮಾಯುವಷ್ಟೇ ಮುಖ್ಯವೆಂದು ಅವರು ಬಗೆದರು. ಸೌಂದರ್ಯ ಶಸ್ತ್ರಚಿಕಿತ್ಸೆಯ ಸಾಮಾಜಿಕ ಪಾತ್ರವನ್ನು ಕುರಿತ ಅವರ ಗ್ರಂಥ 1926ರಲ್ಲಿ ಪ್ರಕಟವಾಯಿತು.

ದೇಹದ ಶಸ್ತ್ರಚಿಕಿತ್ಸೆ ಮುಖದಷ್ಟು ಸುಲಭವಲ್ಲ. ಗಾಯ ಉದ್ದ, ಕೊಬ್ಬಿನ ಪದರಕ್ಕೆ ರಕ್ತಸಂಚಾರ ಕಡಿಮೆ, ಸೋಂಕಿನ ಭಯ ಹೆಚ್ಚು. ಆಗ ಪೆನಿಸಿಲಿನ್ ಕೂಡ ಇರಲಿಲ್ಲ. ಅದೇ ಕಾಲದಲ್ಲಿ ಪ್ಯಾರಿಸ್ಸಿನ ಬೇರೊಬ್ಬ ಶಸ್ತ್ರವೈದ್ಯರು ಆರೋಗ್ಯವಂತ ಮಹಿಳೆಯೊಬ್ಬರ ಕಾಲುಗಳನ್ನು ತೆಳ್ಳಗಾಗಿಸಲು ಹೋಗಿ, ಕೊನೆಗೆ ಒಂದು ಕಾಲನ್ನೇ ಕತ್ತರಿಸಬೇಕಾಯಿತು. 1929ರಲ್ಲಿ ನ್ಯಾಯಾಲಯ ಪರಿಹಾರ ಕೊಡುವಂತೆ ತೀರ್ಪಿತ್ತಿತು. ಆರೋಗ್ಯವಾಗಿರುವ ಅಂಗದ ಮೇಲೆ ಕೇವಲ ಅಂದಕ್ಕಾಗಿ ಅಪಾಯಕರ ಶಸ್ತ್ರಕ್ರಿಯೆ ನಡೆಸುವುದೇ ತಪ್ಪೆಂದು ಹೇಳಿದ ಆ ತೀರ್ಪು ಈ ವೃತ್ತಿಯವರೆಲ್ಲರನ್ನೂ ಕಟಕಟೆಗೆ ತಂದಂತಿತ್ತು. ನೊಯೆಲ್ ಅವರ ಎಚ್ಚರವನ್ನು ಈ ಹಿನ್ನೆಲೆಯಲ್ಲಿಟ್ಟು ನೋಡಬೇಕು.

ತೂಕ ಇಳಿದ ಮೇಲೆ ಕೆಳಹೊಟ್ಟೆ ಮತ್ತು ಗುಹ್ಯಭಾಗದ ಮೇಲೆ ಜೋತುಬಿದ್ದ ಚರ್ಮವನ್ನು ಎತ್ತಿ ಹೊಲಿಯುವ ಇಂದಿನ ಚಿಕಿತ್ಸೆಗಳಲ್ಲಿಯೂ ಇದೇ ಪ್ರಶ್ನೆ ಉಳಿದಿದೆ. ಶುಚಿತ್ವ, ನಡಿಗೆ, ಉಡುಪು, ದಾಂಪತ್ಯ ಇವುಗಳಲ್ಲಿ ಆದ ಬದಲಾವಣೆಯನ್ನು ರೋಗಿಯೇ ಹೇಳಬೇಕು. ಬಾಡಿ-ಕ್ಯೂ ಎಂಬ ಪ್ರಶ್ನಾವಳಿ ರೂಪುಗೊಂಡದ್ದು ಇಂಥ ಉತ್ತರಗಳನ್ನು ಸಂಗ್ರಹಿಸಲೆಂದೇ.

ಸಾರ್ವಜನಿಕ ಜೀವನ

ಮಹಿಳೆಯರ ಮತದಾನದ ಹಕ್ಕಿಗಾಗಿ ಹೋರಾಡಿದ ನೊಯೆಲ್, 1924ರಲ್ಲಿ ಪ್ಯಾರಿಸ್ಸಿನಲ್ಲಿ ಸೊರೊಪ್ಟಿಮಿಸ್ಟ್ ಮಹಿಳಾ ಸಂಘವನ್ನು ಸ್ಥಾಪಿಸಿ, ಅನಂತರ ಯುರೋಪಿನ ಹಲವು ನಗರಗಳಲ್ಲಿ ಅದನ್ನು ಬೆಳೆಸಿದರು. 1928ರಲ್ಲಿ ಲೀಜಿಯನ್ ಆಫ್ ಆನರ್ ಗೌರವ ದೊರೆಯಿತು. ಜರ್ಮನರ ಆಕ್ರಮಣದ ವರ್ಷಗಳಲ್ಲಿ ಯಹೂದಿಗಳ ಹಾಗೂ ಪ್ರತಿರೋಧ ಚಳವಳಿಯವರ ಮುಖಚಹರೆ ಬದಲಿಸಿ ಅವರು ಸೆರೆಯಾಗದಂತೆ ನೆರವಾದರೆಂದೂ, ಯುದ್ಧದ ನಂತರ ಸೆರೆಶಿಬಿರಗಳಿಂದ ಬದುಕಿ ಬಂದವರ ಮೈಮೇಲಿನ ಗುರುತುಗಳನ್ನು ತೆಗೆದರೆಂದೂ ಅವರ ಜೀವನ ಚರಿತ್ರೆಗಳು ತಿಳಿಸುತ್ತವೆ. 76ನೆಯ ವಯಸ್ಸಿನಲ್ಲಿ ಪ್ಯಾರಿಸ್ಸಿನಲ್ಲಿ ನಿಧನರಾದರು.