ನ್ಯಾಯಾಧೀಶರಾದ ವಿಜ್ಞಾನಿ ವಿಲಿಯಂ ಗ್ರೋವ್

ಹತ್ತನೆಯ ತರಗತಿಯಲ್ಲಿ ಮಾಡಿದ ನೀರಿನ ವಿದ್ಯುದ್ವಿಭಜನೆಯ ಪ್ರಯೋಗ ಅನೇಕ ಹಳೆ ವಿದ್ಯಾರ್ಥಿಗಳಿಗೆ ನೆನಪಿರಬಹುದು. ಆಮ್ಲ ಬೆರೆಸಿದ ನೀರಿನಲ್ಲಿ ವಿದ್ಯುತ್ ಹರಿಸಿದರೆ ಒಂದು ನಳಿಕೆಯಲ್ಲಿ ಹೈಡ್ರೋಜನ್, ಇನ್ನೊಂದರಲ್ಲಿ ಅದರ ಅರ್ಧದಷ್ಟು ಆಕ್ಸಿಜನ್ ತುಂಬುತ್ತದೆ. ಈ ಪ್ರಯೋಗವನ್ನೇ ತಿರುಗಿಸಿ, ಆ ಎರಡು ಅನಿಲಗಳಿಂದ ವಿದ್ಯುತ್ ಪಡೆದವರು ವಿಲಿಯಂ ರಾಬರ್ಟ್ ಗ್ರೋವ್.

ಗ್ರೋವ್ ಅವರು 1811ರ ಜುಲೈ 11ರಂದು ವೇಲ್ಸ್‌ನ ಸ್ವಾನ್ಸಿಯಲ್ಲಿ ಜನಿಸಿದರು. ಆಕ್ಸ್‌ಫರ್ಡ್‌ನಲ್ಲಿ ಓದಿ ವಕೀಲರಾದರು. ಆರೋಗ್ಯ ಕೆಟ್ಟು ವಕೀಲಿಗೆ ಬಿಡುವು ಕೊಟ್ಟಾಗ ಅವರ ಮನಸ್ಸು ವಿಜ್ಞಾನದತ್ತ ಹೊರಳಿತು. 1839ರಲ್ಲಿ ಸತು ಮತ್ತು ಪ್ಲಾಟಿನಂ ಬಳಸಿ ಶಕ್ತಿಯುತವಾದ ಬ್ಯಾಟರಿಯೊಂದನ್ನು ರಚಿಸಿದರು. ಅಮೆರಿಕದ ತಂತಿ ಕಚೇರಿಗಳಲ್ಲಿಯೂ ಅದು ಬಳಕೆಗೆ ಬಂತು. ಆದರೆ ಅದರಲ್ಲಿದ್ದ ನೈಟ್ರಿಕ್ ಆಮ್ಲದಿಂದ ವಿಷದ ಹೊಗೆ ಏಳುತ್ತಿತ್ತು.

ಅದೇ ಕಾಲದಲ್ಲಿ ಅವರು ಅನಿಲ ಬ್ಯಾಟರಿಯ ಕೆಲಸವನ್ನೂ ಆರಂಭಿಸಿದ್ದರು. ಸ್ನೇಹಿತ ಶೋನ್‌ಬೈನ್ ಕೂಡ ಇದೇ ವಿಷಯದಲ್ಲಿ ತೊಡಗಿದ್ದರು. 1842ರಲ್ಲಿ ಗ್ರೋವ್ ಅವರು ಇಂಥ ಹಲವು ಕೋಶಗಳನ್ನು ಸಾಲಾಗಿ ಜೋಡಿಸಿ, ಬಂದ ವಿದ್ಯುತ್ತಿನಿಂದಲೇ ಬೇರೆ ಪಾತ್ರೆಯ ನೀರನ್ನು ವಿಭಜಿಸಿ ತೋರಿಸಿದರು. ಇದರಲ್ಲಿ ಹೊಗೆಯಿಲ್ಲ, ಉಳಿಯುವುದು ನೀರು ಮಾತ್ರ. ಇಂದು ಇದಕ್ಕೆ ಇಂಧನ ಕೋಶ ಎಂದು ಹೆಸರು.

ಆದರೆ ಪ್ಲಾಟಿನಂ ದುಬಾರಿ, ಸಿಗುವ ವಿದ್ಯುತ್ತೋ ಅಲ್ಪ. ಮೇಲಾಗಿ ಸಂಸಾರ ಬೆಳೆದಿತ್ತು. ಲಂಡನ್ ಇನ್‌ಸ್ಟಿಟ್ಯೂಷನ್‌ನ ಪ್ರಾಧ್ಯಾಪಕ ಹುದ್ದೆಯನ್ನು 1846ರಲ್ಲಿ ಬಿಟ್ಟು ಅವರು ಮತ್ತೆ ವಕೀಲಿಗೆ ಮರಳಿದರು. 1871ರಲ್ಲಿ ನ್ಯಾಯಾಧೀಶರಾದರು, 1887ರಲ್ಲಿ ನಿವೃತ್ತರಾದರು. 1896ರ ಆಗಸ್ಟ್ 1ರಂದು ತೀರಿಕೊಂಡಾಗ ಅವರ ಅನಿಲ ಬ್ಯಾಟರಿಯಿಂದ ಒಂದು ಗಾಡಿಯೂ ಓಡಿರಲಿಲ್ಲ.

1959ರಲ್ಲಿ ಫ್ರಾನ್ಸಿಸ್ ಬೇಕನ್ ಐದು ಕಿಲೋವ್ಯಾಟ್‌ನ ಇಂಧನ ಕೋಶವನ್ನು ಪ್ರದರ್ಶಿಸಿದರು. ಚಂದ್ರನಲ್ಲಿಗೆ ಹೋದ ಅಪೊಲೊ ನೌಕೆಗಳಿಗೆ ಇಂಧನ ಕೋಶಗಳೇ ವಿದ್ಯುತ್ತನ್ನೂ ಕುಡಿಯುವ ನೀರನ್ನೂ ಒದಗಿಸಿದವು. 2001ರಲ್ಲಿ ಬೆಂಗಳೂರಿನ ರೇವಾ ಕಾರು ಬ್ಯಾಟರಿಯಿಂದ ಓಡಿತು. 2023ರಲ್ಲಿ ದೆಹಲಿಯಲ್ಲಿ ಹೈಡ್ರೋಜನ್ ಬಸ್ಸುಗಳು ರಸ್ತೆಗಿಳಿದವು.

ಇಂಥ ಬಸ್ಸಿನಲ್ಲಿ ಇಂಧನ ಕೋಶವೂ ಬ್ಯಾಟರಿಯೂ ಜೊತೆಯಾಗಿ ದುಡಿಯುತ್ತವೆ. ಇಂಧನ ಕೋಶ ಒಂದೇ ಹದದಲ್ಲಿ ವಿದ್ಯುತ್ ಕೊಡುತ್ತಾ ಹೋಗುತ್ತದೆ. ನಿಲ್ದಾಣದಿಂದ ಹೊರಡುವಾಗ, ಏರು ಹತ್ತುವಾಗ ಬೇಕಾಗುವ ಹೆಚ್ಚಿನ ಬಲವನ್ನು ಬ್ಯಾಟರಿ ಕೊಡುತ್ತದೆ. ಬ್ರೇಕು ಹಾಕಿದಾಗ ಪೋಲಾಗುವ ಶಕ್ತಿಯನ್ನು ಅದೇ ಹಿಡಿದಿಟ್ಟುಕೊಳ್ಳುತ್ತದೆ. ಕೊಕ್ಕರ್ಣೆಯಿಂದ ಬ್ರಹ್ಮಾವರಕ್ಕೆ ಊರೂರಲ್ಲಿ ನಿಲ್ಲುತ್ತಾ ಹೋಗುವ ಬಸ್ಸಿನಲ್ಲಿ ಕುಳಿತವರಿಗೆ ಇದರ ಪ್ರಯೋಜನ ಬೇಗ ತಿಳಿದೀತು. ಆದರೆ ಹೈಡ್ರೋಜನ್ ತಯಾರಿಸಲು ಬಿಸಿಲು, ಗಾಳಿಯಂಥ ಶುದ್ಧ ಮೂಲದ ವಿದ್ಯುತ್ತನ್ನು ಬಳಸಿದರೆ ಮಾತ್ರ ಆ ಬಸ್ಸು ಪೂರ್ತಿ ನಿರ್ಮಲ.

ಗ್ರೋವ್ ಅವರು ಮಾಡಿದ ಎರಡೂ ಕೆಲಸಗಳು ಹೀಗೆ ಒಂದೇ ಗಾಡಿಯಲ್ಲಿ ಕೂಡಿಕೊಂಡಿವೆ. ಹೊಟ್ಟೆಪಾಡಿಗಾಗಿ ಪ್ರಯೋಗಾಲಯ ಬಿಟ್ಟವರ ಕೆಲಸವನ್ನು ಅವರನ್ನು ಕಾಣದವರು ಮುಂದುವರಿಸಿದರು. ಮನೆಯ ಕಷ್ಟಕ್ಕೆ ಓದನ್ನು ಅರ್ಧಕ್ಕೆ ಬಿಟ್ಟವರು ನಮ್ಮ ಊರಿನಲ್ಲಿಯೂ ಇದ್ದಾರೆ. ಇಂದಿನ ಮಕ್ಕಳಿಗೆ ಹಾಗಾಗದಂತೆ ನೋಡಿಕೊಳ್ಳುವುದು ಸುವರ್ಣ ಮಹೋತ್ಸವ ಆಚರಿಸುತ್ತಿರುವ ನಮ್ಮೆಲ್ಲರ ಹೊಣೆ.