ಕಣ್ಣಿಲ್ಲದ ಗಾಳ ಮುರಿದ ಗಾಳವಲ್ಲ: ಕಲೆಕ್ಟರ್ ಥಾಮಸ್ ಮತ್ತು ನಮ್ಮ ನದಿಯ ಮೀನುಗಳ ಕಥೆ

ಹಳೆಯ ಡಬ್ಬಿಯೊಂದರಲ್ಲಿ ಕಪ್ಪು ಬಣ್ಣದ ಮೀನಿನ ಗಾಳ ಸಿಕ್ಕಿತು ಎಂದುಕೊಳ್ಳಿ. ತುದಿ ಚೂಪಾಗಿದೆ, ಮುಳ್ಳೂ ಇದೆ. ಆದರೆ ದಾರ ಪೋಣಿಸಲು ತೂತೇ ಇಲ್ಲ. ಹೆಚ್ಚಿನವರು ಇದು ಮುರಿದ ಗಾಳ ಎಂದುಕೊಂಡು ಎಸೆದುಬಿಡುತ್ತಾರೆ.

ಅದು ಮುರಿದದ್ದಲ್ಲದೆ ಇರಬಹುದು. ಸುಮಾರು 150 ವರ್ಷಗಳ ಹಿಂದೆ ಹೆಚ್ಚಿನ ಫ್ಲೈ ಗಾಳಗಳನ್ನು ಹಾಗೆಯೇ ಮಾಡುತ್ತಿದ್ದರು. ಅಂಥ ಗಾಳಗಳನ್ನು ನಮ್ಮ ಜಿಲ್ಲೆಯ ನದಿಗಳಲ್ಲಿ ಬಳಸಿ, ಅವುಗಳ ಬಗ್ಗೆ ಮಂಗಳೂರಿನಲ್ಲೇ ಪುಸ್ತಕ ಪ್ರಕಟಿಸಿದ ಒಬ್ಬ ಬ್ರಿಟಿಷ್ ಅಧಿಕಾರಿ ಇದ್ದರು. ಹೆಸರು ಹೆನ್ರಿ ಸಲ್ಲಿವನ್ ಥಾಮಸ್. ಮೀನು ಹಿಡಿಯುವ ಹವ್ಯಾಸಿಗಳು ಪ್ರಪಂಚದಾದ್ಯಂತ ಈ ಹೆಸರನ್ನು ಇಂದಿಗೂ ನೆನೆಯುತ್ತಾರೆ. ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆಯಲ್ಲಿ ಮಾತ್ರ ಇವರನ್ನು ಬಲ್ಲವರು ಕಡಿಮೆ.

ಯಾರು ಈ ಥಾಮಸ್?

ಥಾಮಸ್ ಮದ್ರಾಸ್ ಸಿವಿಲ್ ಸರ್ವಿಸ್‌ಗೆ ಸೇರಿದವರು. 1862ರಲ್ಲಿ ಉತ್ತರ ಕನ್ನಡ ಬೊಂಬಾಯಿ ಪ್ರಾಂತ್ಯಕ್ಕೆ ಹೋದ ಮೇಲೂ ದಕ್ಷಿಣ ಕನ್ನಡ ಮದ್ರಾಸ್ ಪ್ರಾಂತ್ಯದಲ್ಲೇ ಉಳಿಯಿತು. ಆ ಜಿಲ್ಲೆಗೆ ಥಾಮಸ್ ಕಲೆಕ್ಟರ್ ಆಗಿ ಬಂದರು. ಕಂದಾಯ ವಸೂಲಿ, ದಾವೆ, ಜಮಾಬಂದಿ ಅವರ ಕೆಲಸ. ಕಲೆಕ್ಟರ್ ಎಂದರೆ ಊರೂರು ಸುತ್ತಬೇಕು. ಈ ಜಿಲ್ಲೆಯಲ್ಲಿ ಊರು ಸುತ್ತುವುದೆಂದರೆ ಹೆಜ್ಜೆಗೊಂದು ಹೊಳೆ ದಾಟುವುದು. ನೇತ್ರಾವತಿಯಲ್ಲಿ ಸರಕಿನ ದೋಣಿಗಳು ಬಂಟ್ವಾಳದವರೆಗೂ ಬರುತ್ತಿದ್ದ ಕಾಲ ಅದು. ಅದರಿಂದ ಮೇಲಕ್ಕೆ ಹೋದಂತೆ ಬಂಡೆ, ಕಯ, ರಭಸದ ನೀರು. ಇತ್ತ ವೇಣೂರು, ಮೂಡುಬಿದಿರೆ ಕಡೆ ಫಲ್ಗುಣಿ.

ಈ ನೀರಿನಲ್ಲಿದ್ದ ದೊಡ್ಡ ಮೀನು ಮಹಶೀರ್. ನಾವು ದೇವಸ್ಥಾನಗಳ ಬಳಿ ದೇವರ ಮೀನು ಎಂದು ಅಕ್ಕಿ, ಪುರಿ ಹಾಕುತ್ತೇವಲ್ಲ, ಅದೇ ಗುಂಪಿನ ಮೀನು. ಥಾಮಸ್‌ಗೆ ಗಾಳ ಹಾಕುವ ಹುಚ್ಚು ವಿಪರೀತ. ಬಿಡುವು ಸಿಕ್ಕಾಗಲೆಲ್ಲ ಹೊಳೆಯ ಹತ್ತಿರ ಹೋಗುತ್ತಿದ್ದರು. ಆದರೆ ಹಿಡಿದ ಮೀನಿನ ತೂಕ ಬರೆದಿಟ್ಟು ಸುಮ್ಮನಾಗುವ ಜಾತಿ ಅವರದ್ದಲ್ಲ. ಅದು ಏನು ತಿನ್ನುತ್ತದೆ, ಎಲ್ಲಿಗೆ ಹೋಗುತ್ತದೆ, ಯಾವಾಗ ಮೊಟ್ಟೆ ಇಡುತ್ತದೆ ಎಂದೆಲ್ಲ ಗಮನಿಸುತ್ತಿದ್ದರು.

1873ರಲ್ಲಿ ಅವರ ಪುಸ್ತಕ ‘ದ ರಾಡ್ ಇನ್ ಇಂಡಿಯಾ’ ಮಂಗಳೂರಿನ ಬಾಸೆಲ್ ಮಿಷನ್ ಪುಸ್ತಕ ಭಂಡಾರದಿಂದ ಹೊರಬಂತು. 21 ವರ್ಷಗಳ ನಂತರ ಕಿಟೆಲ್ ಅವರ ಕನ್ನಡ ನಿಘಂಟನ್ನು ಹೊರತಂದದ್ದೂ ಇದೇ ಮಿಷನ್. ಥಾಮಸ್ ಪುಸ್ತಕ 1881ರಲ್ಲಿ ಎರಡನೆಯ ಬಾರಿ, 1897ರಲ್ಲಿ ಮೂರನೆಯ ಬಾರಿ ಲಂಡನ್ನಿನಲ್ಲಿ ಅಚ್ಚಾಯಿತು. ಭಾರತದ ನದಿಗಳಲ್ಲಿ ಗಾಳ ಹಾಕುವವರಿಗೆ ಅದು ಮೂಲ ಗ್ರಂಥವೇ ಆಗಿಹೋಯಿತು. ಕೆರೆಗಳಲ್ಲಿ ಗಾಳ ಹಾಕುವುದರ ಬಗ್ಗೆ 1887ರಲ್ಲಿ ಇನ್ನೊಂದು ಪುಸ್ತಕ ಬಂತು. ಮುಂದೆ ಅವರು ಮದ್ರಾಸಿನ ರೆವೆನ್ಯೂ ಬೋರ್ಡಿನ ಸದಸ್ಯರೂ ಆದರು.

ಗಾಳಕ್ಕೆ ಕಣ್ಣು ಏಕೆ ಇರಲಿಲ್ಲ?

ಮೊದಲು ಫ್ಲೈ ಎಂದರೇನು ನೋಡೋಣ. ಹೆಸರು ನೊಣದ್ದಾದರೂ ಇದು ನಿಜವಾದ ನೊಣವಲ್ಲ. ಗಾಳದ ಮೇಲೆ ಹಕ್ಕಿಯ ಗರಿ, ಪ್ರಾಣಿಯ ರೋಮ, ರೇಷ್ಮೆ ದಾರ, ಜರಿ ಸುತ್ತಿ ಕೀಟದ ಅಥವಾ ಮರಿಮೀನಿನ ಹಾಗೆ ಕಾಣುವಂತೆ ಮಾಡುತ್ತಾರೆ. ನೀರಿನ ಮೇಲೆ ಅದನ್ನು ಆಡಿಸಿದಾಗ ಮೀನು ಮೋಸಹೋಗಿ ಕಚ್ಚುತ್ತದೆ.

ಆ ಕಾಲಕ್ಕೆ ನೈಲಾನ್ ದಾರ ಇರಲಿಲ್ಲ. ಗಾಳದ ಹತ್ತಿರದ ತುಂಡಿಗೆ ರೇಷ್ಮೆ ಹುಳುವಿನ ಗಟ್ ಬಳಸುತ್ತಿದ್ದರು. ಹುಳುವನ್ನು ವಿನೆಗರ್‌ನಲ್ಲಿ ನೆನೆಸಿ, ಅದರ ರೇಷ್ಮೆ ಗ್ರಂಥಿಯನ್ನು ಹೊರತೆಗೆದು ಎಳೆದರೆ ಪಾರದರ್ಶಕವಾದ ಗಟ್ಟಿ ಎಳೆ ಬರುತ್ತದೆ. ಸ್ಪೇನ್ ದೇಶ ಇದಕ್ಕೆ ಹೆಸರುವಾಸಿ. ಈ ಎಳೆ ಒಣಗಿದಾಗ ಬಹಳ ಬಿರುಸು, ಗಂಟು ಹಾಕಿದರೆ ಮುರಿಯುತ್ತದೆ. ನೀರಿನಲ್ಲಿ ನೆನೆಸಿದ ಮೇಲಷ್ಟೇ ಬಾಗುತ್ತದೆ. ಹಾಗಾಗಿ ಗಂಟು ಹಾಕುವ ಬದಲು ಗಾಳದ ದಂಡಕ್ಕೆ ಗಟ್ ಒತ್ತಿಹಿಡಿದು, ಮೇಲೆ ರೇಷ್ಮೆ ದಾರ ಬಿಗಿಯಾಗಿ ಸುತ್ತಿ, ಅದರ ಮೇಲೆ ಫ್ಲೈ ಕಟ್ಟುತ್ತಿದ್ದರು. ಹೀಗಿರುವಾಗ ಕಣ್ಣು ಯಾಕೆ ಬೇಕು? ದಂಡದ ತುದಿಯನ್ನು ಸಪೂರ ಮಾಡಿದರೆ ಸಾಕು.

ಇದರಲ್ಲಿ ಒಂದು ದೊಡ್ಡ ತೊಂದರೆ ಇತ್ತು. ಗಟ್ ಸವೆದರೆ ಅಥವಾ ಕೊಳೆತರೆ ಇಡೀ ಫ್ಲೈ ವ್ಯರ್ಥ. ಮಳೆಗಾಲದಲ್ಲಿ ಚಪ್ಪಲಿಗೂ ಬೂಸ್ಟು ಹಿಡಿಯುವ ನಮ್ಮ ಊರಿನಲ್ಲಿ ಇದರ ಗತಿ ಏನಾಗಿರಬಹುದು ಊಹಿಸಿ. ಮೇಲಿನ ಕಪ್ಪು ಬಣ್ಣ ಅಲಂಕಾರಕ್ಕಲ್ಲ, ತುಕ್ಕು ತಡೆಯಲು ಹಚ್ಚಿದ ಮೆರುಗು. ಆದರೆ ಸುತ್ತಿದ ದಾರದ ಅಡಿಯಲ್ಲಿ ತೇವ ಉಳಿದರೆ ಒಳಗಿಂದಲೇ ತುಕ್ಕು. ಹೊರಗೆ ಚೆನ್ನಾಗಿ ಕಾಣುವ ಗಾಳ ದೊಡ್ಡ ಮೀನು ಎಳೆದ ಕೂಡಲೇ ಕೈಕೊಡುತ್ತದೆ.

1870ರ ದಶಕದ ಕೊನೆಯಿಂದ ಇಂಗ್ಲೆಂಡಿನಲ್ಲಿ ಎಚ್.ಎಸ್. ಹಾಲ್, ಚಮ್ಲಿ ಪೆನೆಲ್ ಮೊದಲಾದವರು ಕಣ್ಣಿರುವ ಗಾಳಗಳನ್ನು ಜನಪ್ರಿಯಗೊಳಿಸಿದರು. ನಿಧಾನಕ್ಕೆ ಕಣ್ಣಿಲ್ಲದವು ಮರೆಯಾದವು. ಥಾಮಸ್ ಪುಸ್ತಕದ ಮೊದಲ ಮತ್ತು ಮೂರನೆಯ ಆವೃತ್ತಿಯ ನಡುವಿನ 24 ವರ್ಷ ಈ ಬದಲಾವಣೆಯ ಕಾಲವೂ ಹೌದು.

ಮಹಶೀರ್ ಹಲ್ಲಿನಿಂದ ಗಾಳ ಕಡಿಯುತ್ತದೆಯೇ?

ಇಂಗ್ಲೆಂಡಿನ ಟ್ರೌಟ್, ಸಾಲ್ಮನ್ ಮೀನುಗಳಿಗೆ ಮಾಡಿದ ಗಾಳ ಇಲ್ಲಿ ನಡೆಯುವುದಿಲ್ಲ, ಮಹಶೀರ್ ಅದನ್ನು ಜಜ್ಜಿ ಚಪ್ಪಟೆ ಮಾಡುತ್ತದೆ ಎಂದು ಥಾಮಸ್ ಎಚ್ಚರಿಸಿದ್ದರು. ಇದನ್ನು ಕೇಳಿದವರಿಗೆ ಈ ಮೀನಿನ ಬಾಯಿ ತುಂಬ ಹಲ್ಲಿರಬೇಕು ಅನ್ನಿಸುವುದು ಸಹಜ. ಅದು ತಪ್ಪು. ಮಹಶೀರ್ ಕಾರ್ಪ್ ಕುಟುಂಬದ ಮೀನು. ಈ ಕುಟುಂಬದ ಮೀನುಗಳ ದವಡೆಯಲ್ಲಿ ಹಲ್ಲೇ ಇರುವುದಿಲ್ಲ. ಹಲ್ಲು ಇರುವುದು ಗಂಟಲಲ್ಲಿ. ಬಸವನಹುಳು, ಏಡಿ, ಮರದಿಂದ ಉದುರಿದ ಕಾಯಿಗಳನ್ನು ಅಲ್ಲಿ ಅರೆಯುತ್ತದೆ. ದಪ್ಪ ತುಟಿ, ಬಲವಾದ ದವಡೆಯ ಒತ್ತಡವೂ ಕಡಿಮೆಯದಲ್ಲ.

ಹಾಗಾಗಿ ಗಾಳದ ಹದ ಮುಖ್ಯ. ಉಕ್ಕಿನ ತಂತಿಯನ್ನು ಕತ್ತರಿಸಿ, ಮುಳ್ಳು ಕೊರೆದು, ಬಗ್ಗಿಸಿ, ಕೆಂಪಗೆ ಕಾಯಿಸಿ ಎಣ್ಣೆಯಲ್ಲಿ ಅದ್ದುತ್ತಾರೆ. ಆಗ ಅದು ಗಾಜಿನಂತೆ ಗಡಸಾಗುತ್ತದೆ. ಮತ್ತೆ ಸ್ವಲ್ಪ ಬಿಸಿ ಮಾಡಿ ಹದಕ್ಕೆ ತರುತ್ತಾರೆ. ನಮ್ಮ ಊರಿನ ಆಚಾರಿ ಕತ್ತಿಗೆ ಹದ ಕೊಡುವುದೂ ಇದೇ ತತ್ವದ ಮೇಲೆ. ಹದ ಹೆಚ್ಚಾದರೆ ಗಾಳ ಪಟಕ್ಕನೆ ಮುರಿಯುತ್ತದೆ, ಕಡಿಮೆಯಾದರೆ ನೇರವಾಗುತ್ತದೆ.

ಇಂದು ಹಳೆಯ ಮಾದರಿಯ ಗಾಳ ಹುಡುಕುವವರೂ ಇದನ್ನೇ ಪರೀಕ್ಷಿಸುತ್ತಾರೆ. ಹಳೆಯ ಫ್ಲೈಗಳನ್ನು ಅಂದಿನ ಕ್ರಮದಲ್ಲೇ ಕಟ್ಟುವ ಹವ್ಯಾಸಿಗಳು ಹಲವು ದೇಶಗಳಲ್ಲಿದ್ದಾರೆ. ಸೂಜಿ ಮತ್ತು ಗಾಳಕ್ಕೆ ಪ್ರಸಿದ್ಧವಾಗಿದ್ದ ಇಂಗ್ಲೆಂಡಿನ ರೆಡಿಚ್ ಊರಿನ ಹಳೆಯ ದಾಸ್ತಾನು, ನಾರ್ವೆಯ ಮುಸ್ತಾದ್ ಕಂಪನಿಯ ಹಳೆಯ ಪೊಟ್ಟಣ, ಇಲ್ಲವೇ ಕೈಯಲ್ಲೇ ಕಣ್ಣಿಲ್ಲದ ಗಾಳ ಮಾಡುವ ಕುಶಲಕರ್ಮಿಗಳು, ಇವೇ ದಾರಿ. ನಿಮಗೂ ಅಂಥದ್ದು ಸಿಕ್ಕರೆ ಮೂರು ವಿಷಯ ನೋಡಿ. ದಂಡದ ತುದಿ ಕ್ರಮವಾಗಿ ಸಪೂರವಾಗಿದ್ದರೆ ಅದು ಕಣ್ಣಿಲ್ಲದೆ ಮಾಡಿದ ಗಾಳ, ತುದಿ ಒರಟಾಗಿ ತುಂಡಾಗಿದ್ದರೆ ಮುರಿದದ್ದು. ತುಕ್ಕಿನ ಗುಳಿ ಬಿದ್ದಿದ್ದರೆ ನಂಬಬೇಡಿ. ಪೊಟ್ಟಣದ ಮೇಲಿನ ನಂಬರನ್ನೂ ನಂಬಬೇಡಿ, ಏಕೆಂದರೆ ಹಿಂದೆ ಒಂದೊಂದು ತಯಾರಕರ ಲೆಕ್ಕ ಒಂದೊಂದು. ಸ್ಕೇಲ್ ಹಿಡಿದು ಮಿಲಿಮೀಟರಿನಲ್ಲಿ ಅಳೆಯುವುದೇ ಸರಿ.

ಮೀನು ಖಾಲಿಯಾಗುವುದಿಲ್ಲ ಎಂಬ ನಂಬಿಕೆ

ಥಾಮಸ್ ಜೀವನದ ಮುಖ್ಯ ಭಾಗ ಇಲ್ಲಿದೆ. ಗಾಳದ ಪುಸ್ತಕಕ್ಕೂ ಮೊದಲು, 1870ರಲ್ಲಿ, ಅವರು ದಕ್ಷಿಣ ಕನ್ನಡದ ಮೀನು ಸಾಕಣೆಯ ಬಗ್ಗೆ ಒಂದು ವರದಿ ಬರೆದರು. ನದಿಯ ಮೀನು ಎಂದರೆ ಸಾಹೇಬರ ಮೋಜಿನ ವಸ್ತುವಲ್ಲ, ಬಡವರ ಆಹಾರ, ಅದು ಕರಗುತ್ತಿದೆ ಎಂಬುದು ಅವರ ವಾದ. ಸಣ್ಣ ಕಣ್ಣಿನ ಬಲೆ ಮತ್ತು ಬುಟ್ಟಿಗಳಲ್ಲಿ ಮರಿಗಳನ್ನು ಬಾಚುವುದು, ನೀರಿಗೆ ವಿಷ ಹಾಕುವುದು, ಇವೆರಡನ್ನು ಅವರು ಮುಖ್ಯ ಕಾರಣ ಎಂದರು.

ಮೀನು ಲಕ್ಷಗಟ್ಟಲೆ ಮೊಟ್ಟೆ ಇಡುತ್ತದೆ, ಎಷ್ಟು ಹಿಡಿದರೂ ಮುಗಿಯುವುದಿಲ್ಲ ಎನ್ನುವ ಮಾತು ಇಂದಿಗೂ ಕೇಳುತ್ತೇವೆ. ಎಲ್ಲ ಮೀನಿಗೂ ಇದು ಅನ್ವಯಿಸುವುದಿಲ್ಲ. ರೋಹು, ಕಾಟ್ಲಾಗಳಿಗೆ ಹೋಲಿಸಿದರೆ ಮಹಶೀರ್ ಇಡುವ ಮೊಟ್ಟೆ ತೀರ ಕಡಿಮೆ. ಅದು ಒಂದೇ ಸಲಕ್ಕೆ ಇಡದೆ ಕಂತುಗಳಲ್ಲಿ ಮೊಟ್ಟೆ ಇಡುತ್ತದೆ ಎಂದು ಥಾಮಸ್ ಬರೆದದ್ದನ್ನು ಮೀನು ವಿಜ್ಞಾನಿಗಳು ನಂತರವೂ ಉಲ್ಲೇಖಿಸಿದ್ದಾರೆ. ಮಳೆಗಾಲದಲ್ಲಿ ಮೇಲ್ಮುಖವಾಗಿ ಹೋಗಿ, ಜಲ್ಲಿಕಲ್ಲಿನ ನಡುವೆ ಶುದ್ಧ ನೀರು ಸಿಕ್ಕರಷ್ಟೇ ಮರಿ ಉಳಿಯುತ್ತದೆ.

ವಿಷ ಹೇಗೆ ಕೆಲಸ ಮಾಡುತ್ತದೆ? ಕಾರೆಕಾಯಿಯಂಥ ಕಾಯಿಗಳಲ್ಲಿ ನೊರೆ ಬರಿಸುವ ಸಪೋನಿನ್ ಇರುತ್ತದೆ. ಅದು ಕಿವಿರಿಗೆ ಹಾನಿ ಮಾಡಿ ಮೀನು ಉಸಿರಾಡದಂತೆ ಮಾಡುತ್ತದೆ. ತೋಟೆ ಸಿಡಿಸಿದರೆ ಮೀನಿನ ಒಳಗಿನ ಗಾಳಿಚೀಲ ಒಡೆಯುತ್ತದೆ. ತೋಟೆಗೆ ದೊಡ್ಡ ಮೀನು ಮಾತ್ರ ಸಾಯುತ್ತದೆ ಎನ್ನುವುದು ಸುಳ್ಳು. ಮರಿಗಳೂ ಸಾಯುತ್ತವೆ, ಸತ್ತದ್ದರಲ್ಲಿ ಅನೇಕ ಮೀನು ಮೇಲೆ ತೇಲದೆ ತಳ ಸೇರುತ್ತವೆ, ಅವು ಹಿಡಿದವನ ಕೈಗೂ ಸಿಗುವುದಿಲ್ಲ.

1897ರಲ್ಲಿ ಭಾರತೀಯ ಮೀನುಗಾರಿಕೆ ಕಾಯಿದೆ ಬಂತು. ನೀರಿನಲ್ಲಿ ಸ್ಫೋಟಕ ಸಿಡಿಸುವುದು, ವಿಷ ಹಾಕುವುದು ಅಪರಾಧವಾಯಿತು. ಶಿಕ್ಷೆ 2 ತಿಂಗಳವರೆಗೆ ಜೈಲು ಅಥವಾ 200 ರೂಪಾಯಿವರೆಗೆ ದಂಡ. ಇದಕ್ಕೆ ಥಾಮಸ್ ಒಬ್ಬರೇ ಕಾರಣರಲ್ಲ. ಆದರೆ ಸುಮಾರು 27 ವರ್ಷ ಮೊದಲೇ ಈ ಮಾತು ಎತ್ತಿದವರಲ್ಲಿ ಅವರೂ ಒಬ್ಬರು.

ಹಾಗಾದರೆ ಅವರು ಮಹಾತ್ಮರೇ?

ಹಾಗೆಂದು ಫಾರ್ವರ್ಡ್ ಮಾಡುವ ಮುನ್ನ ಇನ್ನೊಂದು ಮುಖವನ್ನೂ ನೋಡಬೇಕು. ಥಾಮಸ್ ವಸಾಹತು ಸರ್ಕಾರದ ಅಧಿಕಾರಿ. ಮಳೆಗಾಲದಲ್ಲಿ ಗದ್ದೆಯ ತೋಡಿಗೆ ಬುಟ್ಟಿ ಒಡ್ಡುವ ಬಡವನಿಗೆ ಅದು ಮೋಜಲ್ಲ, ಆ ದಿನದ ಸಾರು. ಅದೇ ಕಾಲದಲ್ಲಿ ಘಟ್ಟದ ಕಾಡು ಮರಮಟ್ಟಿಗಾಗಿ, ಕಾಫಿ ತೋಟಗಳಿಗಾಗಿ ಕಡಿಯಲ್ಪಡುತ್ತಿತ್ತು. ಕಾಡು ಹೋದರೆ ಹೊಳೆಗೆ ಹೂಳು ಬರುತ್ತದೆ, ಜಲ್ಲಿಕಲ್ಲಿನ ನಡುವಿನ ಮೊಟ್ಟೆ ಉಸಿರುಗಟ್ಟುತ್ತದೆ. ಬಲೆ ಹಾಕುವವನ ತಪ್ಪು ಸುಲಭವಾಗಿ ಕಾಣುತ್ತದೆ, ಮರ ಕಡಿಸುವವನದ್ದು ಅಷ್ಟು ಸುಲಭವಾಗಿ ಕಾಣುವುದಿಲ್ಲ.

ಮೀನು ಕಾಯುವ ಪಾಠ ಇಂಗ್ಲೆಂಡಿನಿಂದ ಬರಬೇಕಿತ್ತು ಎನ್ನುವುದೂ ಸರಿಯಲ್ಲ. ಬೆಳ್ತಂಗಡಿ ತಾಲೂಕಿನ ಶಿಶಿಲದಲ್ಲಿ ಶಿಶಿಲೇಶ್ವರ ದೇವಸ್ಥಾನದ ಪಕ್ಕ ಕಪಿಲಾ ನದಿಯಲ್ಲಿ ಮಹಶೀರ್‌ಗಳಿಗೆ ಭಕ್ತಿಯೇ ಕಾವಲು. 1996ರಲ್ಲಿ ಅಲ್ಲಿ ಯಾರೋ ವಿಷ ಹಾಕಿ ಸಾವಿರಾರು ಮೀನು ಸತ್ತವು. ಊರವರು ಅವಕ್ಕೆ ಸ್ಮಾರಕ ಕಟ್ಟಿದರು. ಕಾಯಿದೆ ಬಂದು 99 ವರ್ಷವಾದ ಮೇಲೂ ವಿಷ ಹಾಕುವ ಕೈ ನಿಂತಿರಲಿಲ್ಲ.

ಹೆಸರು ಉಳಿದಿದೆ, ಮೀನು?

ಥಾಮಸ್ ಕಾಲದಲ್ಲಿ ಫ್ರಾನ್ಸಿಸ್ ಡೇ ಎಂಬ ವೈದ್ಯ ಭಾರತದ ಮೀನುಗಳನ್ನೆಲ್ಲ ಪಟ್ಟಿ ಮಾಡುತ್ತಿದ್ದರು. 1874ರಲ್ಲಿ ಅವರು ದಕ್ಷಿಣ ಕನ್ನಡದ ಒಂದು ಮೀನಿಗೆ ಥಾಮಸ್ ಗೌರವಾರ್ಥ ಹೆಸರಿಟ್ಟರು. ಇಂದು ಅದರ ವೈಜ್ಞಾನಿಕ ಹೆಸರು ಹಿಪ್ಸೆಲೊಬಾರ್ಬಸ್ ಥಾಮಸ್ಸಿ. ಮೈಯಲ್ಲಿ ಕೆಂಪು ಛಾಯೆ ಇರುವುದರಿಂದ ಇಂಗ್ಲಿಷಿನಲ್ಲಿ ರೆಡ್ ಕೆನರೀಸ್ ಬಾರ್ಬ್ ಎನ್ನುತ್ತಾರೆ, ಅಂದರೆ ಕೆಂಪು ಕನ್ನಡ ಜಿಲ್ಲೆಯ ಮೀನು. ಅಂತರರಾಷ್ಟ್ರೀಯ ಪ್ರಕೃತಿ ಸಂರಕ್ಷಣಾ ಒಕ್ಕೂಟ ಅದನ್ನು ಗಂಭೀರ ಅಳಿವಿನಂಚಿನ ಪಟ್ಟಿಗೆ ಸೇರಿಸಿದೆ. ಕಾಡಿನಲ್ಲಿ ಪೂರ್ತಿ ಇಲ್ಲವಾಗುವುದಕ್ಕೆ ಒಂದೇ ಮೆಟ್ಟಿಲು ಬಾಕಿ ಇರುವ ವರ್ಗ ಅದು.

ಈಗ ನೇತ್ರಾವತಿಗೆ ಅಡ್ಡವಾಗಿ ಬಂಟ್ವಾಳ ತಾಲೂಕಿನ ತುಂಬೆಯಲ್ಲಿ ಅಣೆಕಟ್ಟು ಇದೆ, ಮಂಗಳೂರಿಗೆ ನೀರು ಅಲ್ಲಿಂದಲೇ. ನೀರು ಎಲ್ಲರಿಗೂ ಬೇಕು. ಆದರೆ ಅಣೆಕಟ್ಟು, ಮರಳುಗಾರಿಕೆ, ಬೇಸಿಗೆಯಲ್ಲಿ ಬತ್ತುವ ಹೊಳೆ ಇವೆಲ್ಲ ಮೇಲ್ಮುಖವಾಗಿ ಹೋಗುವ ಮೀನಿಗೆ ಮುಚ್ಚಿದ ಬಾಗಿಲು. ಥಾಮಸ್ ಕಾಲದಲ್ಲಿ ಈ ಲೆಕ್ಕ ಇರಲಿಲ್ಲ.

ನಿಮ್ಮ ಕೈಲಾಗುವುದು ಇಷ್ಟು. ಹಳೆಯ ಕಣ್ಣಿಲ್ಲದ ಗಾಳ ಸಿಕ್ಕರೆ ಎಸೆಯಬೇಡಿ, ಅದು ಇತಿಹಾಸದ ತುಣುಕು. ಮಳೆಯ ಆರಂಭದಲ್ಲಿ ಮೊಟ್ಟೆ ತುಂಬಿದ ಮೀನು ಬಂದರೆ ಬಿಟ್ಟುಬಿಡಿ. ತೋಟೆ ಹಾಕಿ ರಾಶಿ ಮೀನು ಹಿಡಿದ ವೀಡಿಯೊ ನಿಮ್ಮ ಗುಂಪಿಗೆ ಬಂದರೆ ಚಪ್ಪಾಳೆಯ ಚಿಹ್ನೆ ಒತ್ತಬೇಡಿ. ಅದು ಸಾಹಸವಲ್ಲ, 1897ರಿಂದಲೂ ಅಪರಾಧ.