ಕಣ್ಣಿನ ಶಿಬಿರದಿಂದ ಕನ್ನಡಕದ ಪೆಟ್ಟಿಗೆಯವರೆಗೆ: ಲಯನ್ಸ್ ಕ್ಲಬ್ಬುಗಳ ದೃಷ್ಟಿಸೇವೆ

ಕರ್ನಾಟಕದ ಅನೇಕ ಊರುಗಳ ಹೆಬ್ಬಾಗಿಲಲ್ಲಿ, ಸ್ವಾಗತ ಕೋರುವ ಫಲಕದ ಮೇಲೆ, ಎರಡು ಸಿಂಹಮುಖಗಳ ನಡುವೆ ‘ಎಲ್’ ಎಂಬ ಇಂಗ್ಲಿಷ್ ಅಕ್ಷರವಿರುವ ದುಂಡನೆಯ ಲಾಂಛನವೊಂದು ಕಾಣಸಿಗುತ್ತದೆ. ಅದೇ ಲಾಂಛನ ಅಮೆರಿಕದ ಗ್ರಂಥಾಲಯಗಳಲ್ಲಿ, ಚರ್ಚುಗಳಲ್ಲಿ, ಕನ್ನಡಕದ ಅಂಗಡಿಗಳಲ್ಲಿ ಹಳೆಯ ಕನ್ನಡಕಗಳನ್ನು ಹಾಕಲೆಂದು ಇಟ್ಟಿರುವ ಪೆಟ್ಟಿಗೆಗಳ ಮೇಲೂ ಇರುತ್ತದೆ. ಹೊರನಾಡಿನಲ್ಲಿ ಬೆಳೆಯುತ್ತಿರುವ ಕನ್ನಡದ ಮಕ್ಕಳು ಈ ಪೆಟ್ಟಿಗೆಯನ್ನು ನೋಡಿದ್ದಾರೆ, ಅವರ ಅಜ್ಜ ಅಜ್ಜಿಯರು ಆ ಫಲಕವನ್ನು ನೋಡಿದ್ದಾರೆ. ಎರಡೂ ಒಂದೇ ಕೆಲಸದ ಎರಡು ತುದಿಗಳೆಂಬುದನ್ನು ತಿಳಿದಿರುವುದು ನಡುವಿನ ತಲೆಮಾರು ಮಾತ್ರ, ಮತ್ತು ಆ ತಲೆಮಾರು ಹೇಳದೆ ಉಳಿದರೆ ಮಕ್ಕಳಿಗೆ ಅದು ತಿಳಿಯುವ ಬೇರೆ ದಾರಿ ಇಲ್ಲ. ಹೊರದೇಶದ ಶಾಲೆಗಳಲ್ಲಿ ಸಮಾಜಸೇವೆಯ ಗಂಟೆಗಳನ್ನು ಎಣಿಸಿ ಪ್ರಮಾಣಪತ್ರ ಪಡೆಯುವ ಮಕ್ಕಳಿಗೆ, ತಮ್ಮ ಮನೆತನದ ಹಿರಿಯರೊಬ್ಬರು ಇಂಥದೇ ಸೇವೆಯ ಫಲವಾಗಿ ಮರಳಿ ಅಕ್ಷರ ಓದುವಂತಾದರು ಎಂಬ ಸಂಗತಿ ಗೊತ್ತಿಲ್ಲದೆ ಹೋಗುವುದು ಸಣ್ಣ ನಷ್ಟವಲ್ಲ.

ಸೇವಾ ಕ್ಲಬ್ ಎಂದರೆ, ಬೇರೆ ಬೇರೆ ಉದ್ಯೋಗಗಳಲ್ಲಿರುವ ಜನ ಆಗಾಗ ಒಂದೆಡೆ ಸೇರಿ, ಊರಿಗೆ ಬೇಕಾದ ಕೆಲಸವೊಂದನ್ನು ಗುರುತಿಸಿ, ಯಾವ ಸಂಭಾವನೆಯನ್ನೂ ಪಡೆಯದೆ ಅದಕ್ಕೆ ಹಣವನ್ನೂ ದುಡಿಮೆಯನ್ನೂ ಒದಗಿಸುವ ಸಂಘಟನೆ. ಇವುಗಳಲ್ಲಿ ಹಿರಿಯದಾದ ರೋಟರಿ 1905ರಲ್ಲಿ ಷಿಕಾಗೊ ನಗರದಲ್ಲಿ ಹುಟ್ಟಿತು. ಲಯನ್ಸ್ ಕೂಡ ಅದೇ ನಗರದ್ದು. ವಿಮೆಯ ವ್ಯವಹಾರ ನಡೆಸುತ್ತಿದ್ದ ಮೆಲ್ವಿನ್ ಜೋನ್ಸ್ ಎಂಬವರು, ವ್ಯಾಪಾರಿಗಳ ಕೂಟಗಳು ತಮ್ಮ ಸದಸ್ಯರ ಲಾಭವನ್ನಷ್ಟೇ ನೋಡಿಕೊಂಡರೆ ಸಾಲದು, ಊರಿನ ಹಿತಕ್ಕೂ ದುಡಿಯಬೇಕು ಎಂದು ವಾದಿಸಿ, ಅಂಥ ಹಲವು ಕೂಟಗಳ ಪ್ರತಿನಿಧಿಗಳನ್ನು 1917ರಲ್ಲಿ ಒಂದುಗೂಡಿಸಿದರು. 1920ರಲ್ಲಿ ಸಂಘಟನೆ ಕೆನಡಾಕ್ಕೆ ದಾಟಿತು, 1956ರಲ್ಲಿ ಮುಂಬಯಿಯ ಮೂಲಕ ಭಾರತಕ್ಕೆ ಬಂತು, ಇಂದು ಸುಮಾರು 200 ದೇಶ ಪ್ರದೇಶಗಳಲ್ಲಿದೆ. ಇದರ ಕ್ಲಬ್ಬುಗಳು ಹಸಿವು, ಪರಿಸರ, ಮಧುಮೇಹ, ಮಕ್ಕಳ ಕ್ಯಾನ್ಸರ್ ಮುಂತಾದ ಹಲವು ಕ್ಷೇತ್ರಗಳಲ್ಲಿ ಕೆಲಸ ಮಾಡುತ್ತವೆಯಾದರೂ ಅದರ ಜೀವಾಳ ದೃಷ್ಟಿಯ ಸೇವೆ.

ಈ ಹಾದಿಯನ್ನು ತೋರಿಸಿದವರು ಹೆಲೆನ್ ಕೆಲ್ಲರ್. ಎರಡು ವರ್ಷ ತುಂಬುವ ಮೊದಲೇ ಕಾಯಿಲೆಯೊಂದರಿಂದ ದೃಷ್ಟಿಯನ್ನೂ ಶ್ರವಣವನ್ನೂ ಕಳೆದುಕೊಂಡು, ಬೆರಳ ಸ್ಪರ್ಶದಿಂದಲೇ ಭಾಷೆಯನ್ನು ಕಲಿತು, ಪದವಿ ಪಡೆದು ಗ್ರಂಥಕರ್ತೆಯಾದ ಆಕೆ 1925ರ ಜೂನ್ 30ರಂದು ಒಹಾಯೊ ರಾಜ್ಯದ ಸೀಡರ್ ಪಾಯಿಂಟ್‌ನಲ್ಲಿ ನಡೆದ ಲಯನ್ಸ್ ಸಮ್ಮೇಳನದಲ್ಲಿ ಮಾತನಾಡಿ, ಅಂಧರ ಪಕ್ಷ ವಹಿಸಿ ಕತ್ತಲೆಯ ವಿರುದ್ಧ ಹೋರಾಡುವ ಯೋಧರಾಗಿರೆಂದು ಸದಸ್ಯರನ್ನು ಕೇಳಿಕೊಂಡರು. ಭಾಷಣ ಕೇಳಿ ಚಪ್ಪಾಳೆ ತಟ್ಟಿ ಮನೆಗೆ ಹೋಗುವುದು ಎಲ್ಲ ಸಮ್ಮೇಳನಗಳಲ್ಲೂ ನಡೆಯುವ ಸಂಗತಿ. ಇಲ್ಲಿ ಹಾಗಾಗಲಿಲ್ಲವೆಂಬುದೇ ವಿಶೇಷ. ಐದು ವರ್ಷಗಳ ತರುವಾಯ ಇಲಿನಾಯ್ ರಾಜ್ಯದ ಪಿಯೋರಿಯಾ ಎಂಬ ಊರಿನಲ್ಲಿ ಜಾರ್ಜ್ ಬೋನ್‌ಹ್ಯಾಮ್ ಎಂಬ ಸದಸ್ಯರು, ಅಂಧರೊಬ್ಬರು ಕಪ್ಪು ಕೋಲು ಹಿಡಿದು ರಸ್ತೆ ದಾಟಲು ಪರದಾಡುತ್ತಿದ್ದುದನ್ನೂ ಆ ಕೋಲು ವಾಹನ ಚಾಲಕರ ಕಣ್ಣಿಗೆ ಬೀಳದಿದ್ದುದನ್ನೂ ಗಮನಿಸಿ, ಕೋಲಿಗೆ ಬಿಳಿ ಬಣ್ಣ ಬಳಿದು ಕೆಂಪು ಪಟ್ಟಿ ಹಾಕುವ ಸಲಹೆಯನ್ನು ಕ್ಲಬ್ಬಿನ ಮುಂದಿಟ್ಟರು. ಬಿಳಿ ಕೋಲು ಹಿಡಿದವರಿಗೆ ದಾರಿ ಬಿಡಬೇಕೆಂಬ ಕಾನೂನನ್ನು ಆ ನಗರ 1930ರ ಕೊನೆಯಲ್ಲಿ ಮಾಡಿತು. ಬಿಳಿ ಕೋಲಿನ ಕಲ್ಪನೆ ಇಂಗ್ಲೆಂಡ್, ಫ್ರಾನ್ಸ್‌ಗಳಲ್ಲೂ ಅದೇ ಕಾಲದ ಆಸುಪಾಸಿನಲ್ಲಿ ಮೂಡಿತ್ತಾದ್ದರಿಂದ ಅದರ ಸಂಪೂರ್ಣ ಶ್ರೇಯಸ್ಸನ್ನು ಒಬ್ಬರಿಗೇ ಸಲ್ಲಿಸುವುದು ಸರಿಯಲ್ಲವಾದರೂ, ಅಮೆರಿಕದಲ್ಲಿ ಅದನ್ನು ಊರಿಂದೂರಿಗೆ ಹರಡಿದವು ಈ ಕ್ಲಬ್ಬುಗಳು.

ಕರ್ನಾಟಕದ ಮಟ್ಟಿಗೆ ಲಯನ್ಸ್ ಎಂಬ ಹೆಸರು ಬೆಸೆದುಕೊಂಡಿರುವುದು ಕಣ್ಣಿನ ಶಿಬಿರದೊಂದಿಗೆ. ಇದನ್ನು ಸ್ವಲ್ಪ ವಿಸ್ತಾರವಾಗಿಯೇ ವಿವರಿಸಬೇಕು, ಏಕೆಂದರೆ ವಿಮೆಯ ಕಾರ್ಡು ತೋರಿಸಿ ವೈದ್ಯರನ್ನು ಕಾಣುವ ದೇಶದಲ್ಲಿ ಹುಟ್ಟಿದ ಮಕ್ಕಳಿಗೆ ವೈದ್ಯರೇ ಊರಿಗೆ ಬಂದು ಶಾಲೆಯ ಕೊಠಡಿಗಳಲ್ಲಿ ನೂರಾರು ಜನರ ಕಣ್ಣು ನೋಡುತ್ತಿದ್ದರೆಂಬುದು ಸುಲಭವಾಗಿ ಕಲ್ಪನೆಗೆ ಬರುವಂಥದ್ದಲ್ಲ. ಕಣ್ಣಿನ ಪೊರೆ ಎಂಬುದು ಸಾಮಾನ್ಯವಾಗಿ ಮುಪ್ಪಿನಲ್ಲಿ ಬರುವ ತೊಂದರೆ. ಪಾಪೆಯ ಹಿಂದಿರುವ, ಬೆಳಕನ್ನು ಕೇಂದ್ರೀಕರಿಸುವ ಪಾರದರ್ಶಕ ಮಸೂರವು ಕ್ರಮೇಣ ಮಂಜು ಹಿಡಿದ ಗಾಜಿನಂತಾಗಿ, ಮೊದಲು ಅಕ್ಷರಗಳು, ಆಮೇಲೆ ಮುಖಗಳು, ಕೊನೆಗೆ ಹಗಲು ರಾತ್ರಿಗಳ ವ್ಯತ್ಯಾಸದ ಹೊರತು ಉಳಿದೆಲ್ಲವೂ ಮಸುಕಾಗುತ್ತವೆ. ಇದಕ್ಕೆ ಔಷಧವಿಲ್ಲ, ಶಸ್ತ್ರಚಿಕಿತ್ಸೆಯೊಂದೇ ದಾರಿ. ಆದರೆ ಅದು ಸರಿಯಾಗಿ ನಡೆದರೆ, ಕಣ್ಣಿನಲ್ಲಿ ಬೇರೆ ದೋಷವಿಲ್ಲದಿದ್ದರೆ, ಹೋದ ದೃಷ್ಟಿ ಮರಳುತ್ತದೆ. ಹೀಗೆ ತಪ್ಪಿಸಬಹುದಾದ ಕುರುಡುತನವನ್ನು ದುಡ್ಡಿಲ್ಲವೆಂದೋ ಆಸ್ಪತ್ರೆ ದೂರವೆಂದೋ ಕರೆದುಕೊಂಡು ಹೋಗುವವರಿಲ್ಲವೆಂದೋ ಹಳ್ಳಿಯ ಮುದುಕ ಮುದುಕಿಯರು ಹಣೆಬರಹವೆಂದು ಒಪ್ಪಿಕೊಂಡು ಕೂತಿರುತ್ತಿದ್ದರು.

ಕನ್ನಡ ನಾಡಿನಲ್ಲಿ ಈ ಸ್ಥಿತಿಯನ್ನು ಎದುರಿಸಿದವರಲ್ಲಿ ಮೊದಲು ಹೆಸರಿಸಬೇಕಾದವರು ಡಾ. ಎಂ.ಸಿ. ಮೋದಿ. ಅವರ ಕೆಲಸ ಯಾವ ಒಂದು ಕ್ಲಬ್ಬಿಗೂ ಸೇರಿದ್ದಲ್ಲ. ಆದರೂ ಕಣ್ಣಿನ ಶಿಬಿರದ ಬಗ್ಗೆ ಕನ್ನಡದಲ್ಲಿ ಬರೆಯುವಾಗ ಅವರನ್ನು ಬಿಟ್ಟು ಮುಂದೆ ಹೋಗುವುದು ಸಾಧ್ಯವಿಲ್ಲ. ಇಂದಿನ ಬಾಗಲಕೋಟೆ ಜಿಲ್ಲೆಗೆ ಸೇರಿರುವ ಬೀಳಗಿಯಲ್ಲಿ 1916ರಲ್ಲಿ ಜನಿಸಿದ ಅವರು ಗಾಂಧೀಜಿಯವರ ಪ್ರಭಾವಕ್ಕೆ ಒಳಗಾಗಿ, 1940ರ ದಶಕದಿಂದ ಊರೂರು ಸುತ್ತಿ ಉಚಿತ ಶಸ್ತ್ರಚಿಕಿತ್ಸೆ ನಡೆಸಿದರು. ಸಾಲಾಗಿ ಹಾಕಿದ ಮೇಜುಗಳ ಮೇಲೆ ರೋಗಿಗಳನ್ನು ಮೊದಲೇ ಸಿದ್ಧಗೊಳಿಸಿಟ್ಟು, ವೈದ್ಯರು ಒಂದರಿಂದ ಇನ್ನೊಂದಕ್ಕೆ ಸಾಗುತ್ತ ಹೋಗುವ ಅವರ ವಿಧಾನ ಎಷ್ಟು ವೇಗದ್ದಾಗಿತ್ತೆಂದರೆ, ಒಂದೇ ದಿನದಲ್ಲಿ 833 ಪೊರೆ ಶಸ್ತ್ರಚಿಕಿತ್ಸೆಗಳನ್ನು ಮಾಡಿದ ಅವರ ಸಾಧನೆ ಗಿನ್ನೆಸ್ ದಾಖಲೆಗಳ ಪುಸ್ತಕವನ್ನು ಸೇರಿತು. ಜನ ಅವರನ್ನು ‘ಕಣ್ಣು ಕೊಟ್ಟ ಅಣ್ಣ’ ಎಂದು ಕರೆದರು. ಸರ್ಕಾರ 1968ರಲ್ಲಿ ಪದ್ಮಭೂಷಣ ನೀಡಿತು. 2005ರಲ್ಲಿ ತೀರಿಕೊಂಡ ಅವರ ಹೆಸರು ಬೆಂಗಳೂರಿನ ಮೋದಿ ಆಸ್ಪತ್ರೆ ರಸ್ತೆಯಲ್ಲಿ ಉಳಿದಿದೆ.

ಊರಿನ ಕ್ಲಬ್ಬುಗಳು ವಹಿಸಿಕೊಂಡದ್ದು ಇಂಥ ಶಿಬಿರಕ್ಕೆ ಬೇಕಾದ, ವೈದ್ಯಕೀಯಕ್ಕೆ ಸೇರದ ಉಳಿದೆಲ್ಲ ಕೆಲಸವನ್ನು. ಕರಪತ್ರ ಹಂಚುವುದು, ಆಟೋದಲ್ಲಿ ಮೈಕು ಕಟ್ಟಿ ಹಳ್ಳಿಗಳಲ್ಲಿ ಸಾರಿಸುವುದು, ಶಾಲೆಯ ಅಥವಾ ಛತ್ರದ ಕೊಠಡಿಗಳನ್ನು ತೊಳೆಸಿ ಶಾಮಿಯಾನ ಹಾಕಿಸುವುದು, ಹೆಸರು ಬರೆದುಕೊಂಡು ಚೀಟಿ ಕೊಡುವುದು, ರೋಗಿಯ ಜೊತೆ ಬಂದವರಿಗೂ ಸೇರಿಸಿ ಉಪ್ಪಿಟ್ಟು, ಅನ್ನ ಸಾರುಗಳ ಏರ್ಪಾಟು ಮಾಡುವುದು, ರಾತ್ರಿ ಕಾವಲಿಗೆ ಕೂರುವುದು ಇವೆಲ್ಲವನ್ನೂ ಮಾಡುತ್ತಿದ್ದವರು ಬಟ್ಟೆ ಅಂಗಡಿಯ ಮಾಲೀಕರು, ವಕೀಲರು, ಮೇಷ್ಟರು, ಬ್ಯಾಂಕಿನ ನೌಕರರು. ಆ ಕಾಲದ ಶಸ್ತ್ರಚಿಕಿತ್ಸೆಯಲ್ಲಿ ಮಸುಕಾದ ಮಸೂರವನ್ನು ತೆಗೆದುಹಾಕುತ್ತಿದ್ದರೇ ಹೊರತು ಅದರ ಜಾಗದಲ್ಲಿ ಬೇರೊಂದನ್ನು ಕೂರಿಸುತ್ತಿರಲಿಲ್ಲ. ಹಾಗಾಗಿ ಕಣ್ಣಿಗೆ ಪಟ್ಟಿ ಕಟ್ಟಿಕೊಂಡು ಹಲವು ದಿನ ಅಲುಗಾಡದೆ ಮಲಗಿದ್ದ ಅಜ್ಜಿ ಆಮೇಲೆ ಜೀವಮಾನವಿಡೀ ದಪ್ಪ ಗಾಜಿನ ಸೋಡಾಬುಡ್ಡಿ ಕನ್ನಡಕ ಹಾಕಿಕೊಳ್ಳಬೇಕಾಗುತ್ತಿತ್ತು. ಹಳೆಯ ಕುಟುಂಬ ಚಿತ್ರಗಳಲ್ಲಿ ಮುತ್ತಜ್ಜಿಯರ ಕಣ್ಣುಗಳು ಕನ್ನಡಕದ ಹಿಂದೆ ಅಷ್ಟು ದೊಡ್ಡದಾಗಿ ಕಾಣುವುದಕ್ಕೆ ಕಾರಣ ಇದೇ, ಮತ್ತು ಅಂಥ ಚಿತ್ರವಿರುವ ಮನೆಗಳಲ್ಲಿ ತಂದೆತಾಯಿಯರು ಅದನ್ನು ಮಕ್ಕಳಿಗೆ ತೋರಿಸಿ ಇಷ್ಟನ್ನು ವಿವರಿಸಿದರೆ ಅದೇ ಒಂದು ಒಳ್ಳೆಯ ಪಾಠವಾಗುತ್ತದೆ. ಕಣ್ಣಿನೊಳಗೇ ಕೂರಿಸುವ ಕೃತಕ ಮಸೂರ 1949ರಲ್ಲೇ ಇಂಗ್ಲೆಂಡಿನಲ್ಲಿ ಬಂದಿದ್ದರೂ ಬಡವರ ಕೈಗೆ ಎಟುಕುವಂತಾದದ್ದು, ಮಧುರೆಯ ಅರವಿಂದ ಕಣ್ಣಿನ ಆಸ್ಪತ್ರೆಗೆ ಸೇರಿದ ಆರೋಲ್ಯಾಬ್ 1992ರಲ್ಲಿ ಅದನ್ನು ಅಗ್ಗವಾಗಿ ತಯಾರಿಸತೊಡಗಿದ ಮೇಲೆ.

ಶಾಲೆಯ ಕೊಠಡಿಯಲ್ಲಿ ನಡೆಯುವ ಶಸ್ತ್ರಚಿಕಿತ್ಸೆಯಿಂದ ಸೋಂಕು ತಗಲುವ ಅಪಾಯವಿದ್ದುದರಿಂದ, ಶಿಬಿರದ ಸ್ವರೂಪವೂ ಈಗ ಬದಲಾಗಿದೆ. ಊರಿನಲ್ಲಿ ನಡೆಯುವುದು ತಪಾಸಣೆ ಮಾತ್ರ. ರಕ್ತದೊತ್ತಡ, ಸಕ್ಕರೆಯ ಪ್ರಮಾಣಗಳನ್ನು ನೋಡಿ, ಶಸ್ತ್ರಚಿಕಿತ್ಸೆ ಬೇಕಾದವರನ್ನು ಬಸ್ಸಿನಲ್ಲಿ ಆಸ್ಪತ್ರೆಗೆ ಕರೆದೊಯ್ದು, ಕೃತಕ ಮಸೂರ ಅಳವಡಿಸಿ, ಕಪ್ಪು ಕನ್ನಡಕ ಮತ್ತು ಹನಿ ಔಷಧ ಕೊಟ್ಟು, ಒಂದೆರಡು ದಿನಗಳಲ್ಲಿ ಮನೆಗೆ ತಲುಪಿಸುತ್ತಾರೆ. ಬೆಂಗಳೂರಿನ ಜೆ.ಸಿ. ರಸ್ತೆಯ ಬಳಿಯಿರುವ ಬೆಂಗಳೂರು ವೆಸ್ಟ್ ಲಯನ್ಸ್ ಕಣ್ಣಿನ ಆಸ್ಪತ್ರೆ, ಸೇವಾ ಕ್ಲಬ್ಬೊಂದು ಶಿಬಿರಗಳಿಂದ ಮುಂದುವರಿದು ಪೂರ್ಣ ಪ್ರಮಾಣದ ಆಸ್ಪತ್ರೆಯನ್ನೇ ಕಟ್ಟಿ ನಿಲ್ಲಿಸಬಲ್ಲದೆಂಬುದಕ್ಕೆ ಕನ್ನಡಿಗರ ನಡುವೆಯೇ ಇರುವ ಸಾಕ್ಷಿ.

ಹಣದ ಬಗ್ಗೆ ಲಯನ್ಸ್ ಸಂಘಟನೆ ಪಾಲಿಸುವ ನಿಯಮವೊಂದು ಗಮನಾರ್ಹವಾದದ್ದು. ಸಾರ್ವಜನಿಕರಿಂದ ಎತ್ತಿದ ಹಣ ಸಾರ್ವಜನಿಕರ ಕೆಲಸಕ್ಕೇ ಹೋಗಬೇಕು. ಸಭೆ, ಊಟ, ಅಂಚೆ ಮುಂತಾದ ಕ್ಲಬ್ಬಿನ ಒಳಖರ್ಚುಗಳನ್ನು ಸದಸ್ಯರ ಚಂದಾ ಹಣದಿಂದ ಮಾತ್ರ ನಿಭಾಯಿಸಬೇಕು. ಊರಿಗೆ ಮೀರಿದ ದೊಡ್ಡ ಕೆಲಸಗಳಿಗೆ ಅನುದಾನ ಕೊಡಲು 1968ರಲ್ಲಿ ಸ್ಥಾಪನೆಯಾದ ಪ್ರತಿಷ್ಠಾನವೊಂದಿದೆ. ಒಂದು ದೇಶದ ಸದಸ್ಯರು ಕೊಟ್ಟ ದುಡ್ಡು ಇದರ ಮೂಲಕ ಇನ್ನೊಂದು ದೇಶದ ಆಸ್ಪತ್ರೆಯ ಉಪಕರಣವೋ ನೆರೆ ಪರಿಹಾರವೋ ಆಗಿ ತಲುಪುತ್ತದೆ.

ಸಾಗರದಾಚೆಯ ಕೆಲಸಗಳಲ್ಲಿ ಬಹಳ ದೊಡ್ಡದೆನ್ನಬಹುದಾದುದು ನದಿಗುರುಡಿನ ವಿರುದ್ಧದ ಹೋರಾಟ. ರಭಸವಾಗಿ ಹರಿಯುವ ಹೊಳೆಗಳಲ್ಲಿ ಮೊಟ್ಟೆಯಿಡುವ ಒಂದು ಬಗೆಯ ಕಪ್ಪು ನೊಣ ಕಚ್ಚಿದಾಗ ಮನುಷ್ಯನ ಮೈ ಸೇರುವ ಹುಳುವಿನಿಂದ ಉಂಟಾಗುವ ಈ ರೋಗ, ಆಫ್ರಿಕ ಮತ್ತು ಲ್ಯಾಟಿನ್ ಅಮೆರಿಕಗಳ ಎಷ್ಟೋ ಜನರನ್ನು ಕುರುಡಾಗಿಸಿತ್ತು. ಫಲವತ್ತಾದ ಹೊಳೆದಂಡೆಯ ಹಳ್ಳಿಗಳನ್ನೇ ಜನ ತೊರೆದು ಹೋದದ್ದುಂಟು. ಐವರ್‌ಮೆಕ್ಟಿನ್ ಎಂಬ ಮಾತ್ರೆಯನ್ನು ವರ್ಷಕ್ಕೆ ಒಂದೆರಡು ಬಾರಿ ನುಂಗಿದರೆ ರೋಗ ಹತೋಟಿಗೆ ಬರುತ್ತದೆ, ಮತ್ತು ಅದನ್ನು ತಯಾರಿಸುವ ಮರ್ಕ್ ಕಂಪನಿ 1987ರಿಂದಲೇ ಇದಕ್ಕಾಗಿ ಮಾತ್ರೆಯನ್ನು ಪುಕ್ಕಟೆಯಾಗಿ ಕೊಡುತ್ತಿದೆ. ಆದರೆ ರಸ್ತೆಯೇ ಇಲ್ಲದ ಹಳ್ಳಿಗಳಲ್ಲಿ ಮನೆಮನೆಗೆ ವರ್ಷಾನುವರ್ಷ ಅದನ್ನು ಮುಟ್ಟಿಸುವುದೇ ಕಷ್ಟದ ಕೆಲಸ. ಅದಕ್ಕೆ ಬೇಕಾದ ಹಣವನ್ನೂ ಸ್ಥಳೀಯ ಸ್ವಯಂಸೇವಕರನ್ನೂ ಒದಗಿಸುವಲ್ಲಿ, ಅಮೆರಿಕದ ಮಾಜಿ ಅಧ್ಯಕ್ಷ ಜಿಮ್ಮಿ ಕಾರ್ಟರ್ ಅವರು ಸ್ಥಾಪಿಸಿದ ಕಾರ್ಟರ್ ಕೇಂದ್ರದೊಂದಿಗೆ ಲಯನ್ಸ್ ಕೈಜೋಡಿಸಿತು. ಕಾರ್ಟರ್ ಸ್ವತಃ ಲಯನ್ಸ್ ಸದಸ್ಯರಾಗಿದ್ದವರು. 2013ರಲ್ಲಿ ಕೊಲಂಬಿಯಾ ಈ ರೋಗವನ್ನು ತೊಲಗಿಸಿದ ಮೊದಲ ದೇಶವೆಂದು ವಿಶ್ವ ಆರೋಗ್ಯ ಸಂಸ್ಥೆ ಘೋಷಿಸಿತು. ಇಕ್ವೆಡಾರ್, ಮೆಕ್ಸಿಕೊ, ಗ್ವಾಟೆಮಾಲಾಗಳು ಮುಂದಿನ ಮೂರು ವರ್ಷಗಳಲ್ಲಿ ಆ ಸಾಲಿಗೆ ಸೇರಿದವು.

ಇನ್ನು ಕನ್ನಡಕದ ಪೆಟ್ಟಿಗೆ. ಅದರಲ್ಲಿ ಬಿದ್ದ ಕನ್ನಡಕಗಳನ್ನು ವಿಂಗಡಣಾ ಕೇಂದ್ರಗಳಿಗೆ ಕಳುಹಿಸಿ, ತೊಳೆದು, ಯಂತ್ರದಿಂದ ಗಾಜಿನ ಪವರ್ ಅಳೆದು, ಚೀಟಿ ಅಂಟಿಸಿ, ಬಡ ದೇಶಗಳಲ್ಲಿ ನಡೆಯುವ ಶಿಬಿರಗಳಿಗೆ ಸಾಗಿಸುತ್ತಾರೆ. ಇಲ್ಲಿ ತಂದೆತಾಯಿಯರು ತಿಳಿದಿರಬೇಕಾದ ಮಾತೊಂದುಂಟು: ಗೀರು ಬಿದ್ದ, ಮುರಿದ, ಅಥವಾ ಒಬ್ಬರ ಕಣ್ಣಿಗೆಂದೇ ಮಾಡಿಸಿದ ವಿಶಿಷ್ಟ ಪವರಿನ ಕನ್ನಡಕಗಳು ಇನ್ನೊಬ್ಬರಿಗೆ ಹೊಂದುವುದು ಅಪರೂಪವಾದ್ದರಿಂದ ಸಂಗ್ರಹವಾದವುಗಳಲ್ಲಿ ದೊಡ್ಡ ಪಾಲು ಬಳಕೆಗೆ ಒದಗುವುದಿಲ್ಲ. ಸ್ಥಳೀಯವಾಗಿ ಅಳತೆ ನೋಡಿ ಹೊಸ ಕನ್ನಡಕ ಮಾಡಿಸಿಕೊಡುವುದು ಅನೇಕ ಕಡೆ ಹೆಚ್ಚು ಪ್ರಯೋಜನಕರ. ಆದ್ದರಿಂದ ಸುಸ್ಥಿತಿಯಲ್ಲಿರುವ ಕನ್ನಡಕವನ್ನು ಒರೆಸಿ ಪೆಟ್ಟಿಗೆಗೆ ಹಾಕುವುದರ ಜೊತೆಗೆ ಅಂಥ ಕೆಲಸಕ್ಕೆ ಕೈಲಾದ ಹಣವನ್ನೂ ಕೊಡಿಸುವುದನ್ನು ಮಕ್ಕಳಿಗೆ ರೂಢಿ ಮಾಡಿಸುವುದು ಉಚಿತ.

ಪೊರೆಯಿಂದಲ್ಲದೆ, ಕಣ್ಣಿನ ಮುಂಭಾಗದ ಪಾರದರ್ಶಕ ಪಟಲವಾದ ಕಾರ್ನಿಯ ಹಾಳಾಗಿ ದೃಷ್ಟಿ ಕಳೆದುಕೊಂಡವರಿಗೆ, ಮರಣಾನಂತರ ಮತ್ತೊಬ್ಬರು ದಾನ ಮಾಡಿದ ಪಟಲವನ್ನು ಕಸಿ ಮಾಡಬೇಕಾಗುತ್ತದೆ. ಇದಕ್ಕಾಗಿ ನೇತ್ರಬ್ಯಾಂಕುಗಳಿಗೆ ನೆರವಾಗುವುದು, ನೇತ್ರದಾನದ ಪ್ರತಿಜ್ಞಾಪತ್ರಗಳನ್ನು ತುಂಬಿಸುವುದು ಕ್ಲಬ್ಬುಗಳ ಇನ್ನೊಂದು ಕೆಲಸ. ಕರ್ನಾಟಕದಲ್ಲಿ ಈ ವಿಷಯವನ್ನು ಮನೆಮನೆಗೂ ಮುಟ್ಟಿಸಿದ್ದು ಚಿತ್ರನಟ ಡಾ. ರಾಜಕುಮಾರ್ ಅವರ ಕುಟುಂಬ. 2006ರಲ್ಲಿ ರಾಜಕುಮಾರ್ ತೀರಿಕೊಂಡಾಗ ಅವರ ಕಣ್ಣುಗಳನ್ನು ದಾನ ಮಾಡಲಾಯಿತು. 2021ರಲ್ಲಿ ಪುನೀತ್ ರಾಜಕುಮಾರ್ ಅಕಾಲದಲ್ಲಿ ತೀರಿಕೊಂಡಾಗ, ಪಟಲವನ್ನು ಪದರಗಳಾಗಿ ಬೇರ್ಪಡಿಸುವ ತಂತ್ರದಿಂದ ಅವರ ಎರಡು ಕಣ್ಣುಗಳು ನಾಲ್ವರಿಗೆ ದೃಷ್ಟಿ ನೀಡಿದವು, ಮತ್ತು ಅನಂತರದ ವಾರಗಳಲ್ಲಿ ನೇತ್ರದಾನಕ್ಕೆ ಹೆಸರು ಬರೆಸಲು ಜನ ಮುಗಿಬಿದ್ದರು. ಪುನೀತ್ ಅವರ ಹಾಡುಗಳಿಗೆ ಹೊರನಾಡಿನ ಕನ್ನಡ ಕೂಟದ ವೇದಿಕೆಯ ಮೇಲೆ ಕುಣಿಯುವ ಮಕ್ಕಳಿಗೆ ಈ ಸಂಗತಿಯೂ ತಿಳಿದಿರುವುದು ಅಗತ್ಯ.

ಹನ್ನೆರಡು ವರ್ಷ ತುಂಬಿದ ಮಕ್ಕಳಿಗೆ ಲಯನ್ಸ್ ಅಡಿಯಲ್ಲೇ ಲಿಯೋ ಕ್ಲಬ್ ಎಂಬ ಕಿರಿಯರ ಸಂಘಟನೆಯಿದೆ. ಇದು 1957ರಲ್ಲಿ ಪೆನ್ಸಿಲ್ವೇನಿಯಾದ ಪ್ರೌಢಶಾಲೆಯೊಂದರಲ್ಲಿ ಶುರುವಾದದ್ದು. ಹನ್ನೊಂದರಿಂದ ಹದಿಮೂರು ವರ್ಷದವರಿಗೆ ಪ್ರತಿವರ್ಷ ಶಾಂತಿಯ ವಿಷಯವಾಗಿ ಚಿತ್ರಸ್ಪರ್ಧೆ ನಡೆಯುತ್ತದೆ, ಅದನ್ನು ಊರಿನ ಕ್ಲಬ್ಬಿನ ಮೂಲಕವೇ ಪ್ರವೇಶಿಸಬೇಕು. ಬಿಳಿ ಕೋಲಿನ ದಿನ ಅಕ್ಟೋಬರ್ 15ರಂದು, ರಾಜ್ಯೋತ್ಸವದ ತಯಾರಿಗಾಗಿ ಕೂಟದ ಕುಟುಂಬಗಳು ವಾರವಾರ ಸೇರುವ ಹೊತ್ತಿನಲ್ಲೇ ಬರುವುದರಿಂದ, ಅಂದಿನ ತಾಲೀಮಿನ ನಡುವೆ ಕನ್ನಡಕ ಸಂಗ್ರಹಕ್ಕೂ ಹಿರಿಯರೊಬ್ಬರಿಂದ ಶಿಬಿರದ ನೆನಪುಗಳನ್ನು ಕನ್ನಡದಲ್ಲೇ ಹೇಳಿಸುವುದಕ್ಕೂ ಅರ್ಧ ಗಂಟೆ ಮೀಸಲಿಡುವುದನ್ನು ಕೂಟದ ಸಮಿತಿ ಪರಿಶೀಲಿಸಬಹುದು.